ಕ್ಲಾಸಿಗೆ ಕೊಟ್ಟ ಉತ್ತರ

ಲೈಬ್ರರಿಯ ಲಿಫ್ಟು ಚೆನ್ನಾಗಿಯೇ ಓಡುತ್ತಿತ್ತು. ಆದರೂ ಗುಬ್ಬಿ ಮೆಟ್ಟಿಲು ಹತ್ತಿಕೊಂಡೇ ಮೇಲಿನ ಮಹಡಿಗೆ ಬಂದಳು, ಬ್ಯಾಗನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತ. ಕ್ಲಾಸಿನ ಬಾಗಿಲಿಗೆ ಒರಗಿ ನಿಂತಿದ್ದವನೊಬ್ಬ ದಾರಿ ಬಿಡುವುದರ ಬದಲು ಪ್ರಶ್ನೆ ಕೇಳಿದ.

"ಲಿಫ್ಟ್ ಹತ್ತಲ್ವಾ?"

"ನಂಬಿಕೆ ಇಲ್ಲ."

"ಯಾಕೆ, ನಿಮಗೇನಾದ್ರೂ ಮೋಸ ಮಾಡಿದ್ಯಾ ಅದು?"

"ಇನ್ನೂ ಮಾಡಿಲ್ಲ. ಮಾಡೋವರೆಗೂ ಕಾಯೋದು ಯಾಕೆ ಅಂತ."

ಅವನ ಮುಖ ಸಣ್ಣಗಾಯಿತು. "ಅದನ್ನ ನೋಡ್ಕೊಳ್ಳೋನು ನಾನೇ," ಎಂದ. "ಮೊನ್ನೆ ತಾನೇ ಬ್ರೇಕ್ ಬದಲಾಯಿಸಿದೀನಿ."

ಅಲ್ಲಿ ಒಂದು ಸಾರಿ ಕ್ಷಮೆ ಕೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಗುಬ್ಬಿ ಕೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವನು ತನ್ನ ಪೆಚ್ಚುತನಕ್ಕೆ ತಾನೇ ನಕ್ಕುಬಿಟ್ಟ. ನಕ್ಕಾಗ ಎಡಗಡೆಯ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಸ್ವಲ್ಪ ಹತ್ತಿ ಕೂತಿರುವುದು ಕಾಣಿಸಿತು. ಗುಬ್ಬಿಯ ಮನೆತನದ ಕೆಲಸವೇ ಹಲ್ಲು ಕಟ್ಟುವುದು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅವಳೂ ಅಪ್ಪನೂ ಅಕ್ಕನೂ ಬಾವನೂ ಮನೆಯ ಕೆಳಗಿನ ವರ್ಕ್‌ಶಾಪಿನಲ್ಲಿ ಕೂತು ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡುತ್ತಾರೆ. ಬೆಳಗಿಂದ ಸಂಜೆವರೆಗೆ ನೆಟ್ಟಗಿರುವ ಹಲ್ಲು ನೋಡಿ ನೋಡಿ ಬೇಸತ್ತ ಕಣ್ಣಿಗೆ ಆ ಒಂದು ಸೊಟ್ಟ ಹಲ್ಲು ಹಿತವಾಗಿ ಕಂಡಿತು. ಅವನು ನಗು ನಿಲ್ಲಿಸಿದ ಮೇಲೂ ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಏನಾದ್ರೂ ಅಂಟಿದ್ಯಾ?" ಎಂದು ಅವನು ತುಟಿ ಒರೆಸಿಕೊಂಡ.

"ಇಲ್ಲ," ಎಂದು ಗುಬ್ಬಿ ಕೆಂಪಾಗಿ ಒಳಗೆ ಹೋದಳು.

ಅದು ಸಂಜೆ ಕ್ಲಾಸು. ಸಾಂಸ್ಕೃತಿಕ ಮಾನವಶಾಸ್ತ್ರದ ಮೊದಲ ಪಾಠಗಳು ಅಂತ ಬೋರ್ಡು ಹಾಕಿದ್ದರು. ಯಾರು ಬೇಕಾದರೂ ಸೇರಬಹುದಿತ್ತು, ಪರೀಕ್ಷೆ ಇರಲಿಲ್ಲ. ಹಾಗಾಗಿ ಒಬ್ಬ ನರ್ಸು, ಒಬ್ಬ ನಿವೃತ್ತ ಪೋಸ್ಟ್‌ಮ್ಯಾನು, ಮನೆಯಲ್ಲಿ ಕೂತು ಬೇಜಾರಾದ ಇಬ್ಬರು ವಾರಗಿತ್ತಿಯರು, ಹೀಗೆ ನಾನಾ ನಮೂನೆಯ ಜನ ಸೇರಿದ್ದರು. ಪಾಠ ಹೇಳುತ್ತಿದ್ದ ಮೇಡಂ ಕಾಲೇಜಿನಿಂದ ರಿಟೈರ್ ಆದವರು, ಕಡ್ಡಿ ಮುರಿದಂತೆ ಮಾತಾಡುವವರು.

"ದೂರದ ದ್ವೀಪಕ್ಕೆ ಹೋಗಿ ಅಲ್ಲಿಯವರ ಪದ್ಧತಿ ನೋಡಿ ಬಾಯಿ ಬಿಡೋದು ಸುಲಭ," ಎಂದರು ಮೇಡಂ. "ಪಕ್ಕದ ಮನೆಯನ್ನ ಮೊದಲನೇ ಸಲ ನೋಡಿದ ಹಾಗೆ ನೋಡಿ, ಆಗ ಗೊತ್ತಾಗತ್ತೆ ಕಷ್ಟ. ಪ್ರತಿ ಮನೆಯೂ ಒಂದು ದೇಶ. ಅದಕ್ಕೊಂದು ಕಾನೂನು, ಗಡಿ, ಒಳಗಿನವರು, ಹೊರಗಿನವರು. ನೀವು ಇಬ್ಬಿಬ್ಬರು ಜೊತೆಯಾಗಿ. ಇವರ ಮನೆಗೆ ಅವರು, ಅವರ ಮನೆಗೆ ಇವರು. ಹೋಗಿ, ಕೂತ್ಕೊಳ್ಳಿ, ಕೇಳಿ, ಬಾಯಿ ಮುಚ್ಕೊಂಡಿರಿ. ಕೊನೇಲಿ ಬಂದು ಇಲ್ಲಿ ಬಾಯಲ್ಲೇ ಹೇಳಿ, ಕಾಗದ ತರಬೇಡಿ, ಓದಿ ಓದಿ ನನ್ನ ಕಣ್ಣು ಹೋಗಿದೆ."

ಆಮೇಲೆ ಇನ್ನೊಂದು ಮಾತು ಸೇರಿಸಿದರು. ಈ ಕಥೆಯ ಅನರ್ಥ ಆ ಮಾತಿನಿಂದಲೇ ಶುರುವಾದದ್ದು, ಪಾಪ ಮೇಡಂಗೇನು ಗೊತ್ತು.

"ಉತ್ತರ ಹೇಳೋರು ನಿಮ್ಮ ನಿಮ್ಮ ಆಸೆ ಹೇಳಬೇಡಿ. ಮನೆ ಮಾತು ಹೇಳಿ. ನಮ್ಮನೇಲಿ ಏನಂತಾರೆ, ಅದಷ್ಟೇ."

ತಾನೂ ಕ್ಲಾಸಿಗೆ ಸೇರಿ ಬಾಗಿಲ ಬಳಿ ಕೂತಿದ್ದ ಲಿಫ್ಟಿನವನಿಗೆ ಜೊತೆ ಸಿಕ್ಕಿರಲಿಲ್ಲ. ಗುಬ್ಬಿಗೂ ಸಿಕ್ಕಿರಲಿಲ್ಲ, ಅಥವಾ ಅವಳು ಹುಡುಕಿರಲಿಲ್ಲ. ಮೇಡಂ ಬೆರಳು ಮಾಡಿ ಇಬ್ಬರನ್ನೂ ಜೋಡಿಸಿದರು.

"ನಿಮ್ಮನೆಗೆ ಲಿಫ್ಟ್ ಇದೆಯಾ?" ಎಂದು ಅವನು ಪಿಸುಗುಟ್ಟಿದ.

"ಇಲ್ಲ."

"ಹಾಗಾದ್ರೆ ಧೈರ್ಯವಾಗಿ ಬರ್ತೀನಿ."

*

ಭಾನುವಾರ ಮಧ್ಯಾಹ್ನದ ಊಟಕ್ಕೆ ಅವನು ಬಂದ. ಗುಬ್ಬಿಯ ಮನೆಯಲ್ಲಿ ಊಟದ ಮೇಜಿಗೆ ನಾಲ್ಕೇ ಕುರ್ಚಿ. ಹೊರಗಿನವರು ಯಾರು ಬಂದರೂ ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಕೂರಬೇಕು. ಡಾಕ್ಟರು ಬಂದರೂ ಅಷ್ಟೇ, ಸೋದರತ್ತೆ ಬಂದರೂ ಅಷ್ಟೇ. ಬಾವನೂ ಮದುವೆಗೆ ಮುಂಚೆ ವರ್ಷಗಟ್ಟಲೆ ಆ ಸ್ಟೂಲಿನ ಮೇಲೆಯೇ ಕೂತು ಉಂಡು, ಕೆಳಗೆ ಅಚ್ಚಿಗೆ ಪ್ಲಾಸ್ಟರ್ ಹಾಕುವುದನ್ನು ಕಲಿತದ್ದು. ಒಂದು ದಿನ ಅಪ್ಪ ತಾವೇ ಕುರ್ಚಿ ಎಳೆದು "ಈ ಕಡೆ ಬಾ" ಅಂದರಂತೆ. ಅಕ್ಕನ ಮದುವೆ ಆಯಿತು ಅಂತ ಮನೆಯವರು ಲೆಕ್ಕ ಹಿಡಿಯುವುದು ಆ ದಿನದಿಂದ.

ಅವನು ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಕೂತ. ಉದ್ದ ಆಸಾಮಿ, ಗಿಡ್ಡ ಸ್ಟೂಲು. ಗುಬ್ಬಿಗೆ ನಗು ತಡೆಯಲಾಗಲಿಲ್ಲ. ಅವನು ತಟ್ಟೆಯ ಮೇಲಿನಿಂದ ಅವಳ ಕಡೆ ಒಂದು ನೋಟ ಎಸೆದ, ನೋಡ್ಕೋತೀನಿ ಇರು ಅನ್ನುವ ಹಾಗೆ.

"ಲಿಫ್ಟ್ ಬೀಳತ್ತಾ?" ಅಪ್ಪ ಕೇಳಿದರು.

"ಬೀಳಲ್ಲ ಸಾರ್. ಹಗ್ಗ ಹೋದ್ರೂ ಬ್ರೇಕ್ ಹಿಡಿಯತ್ತೆ."

"ಬ್ರೇಕ್ ಹೋದ್ರೆ?"

"ಇನ್ನೊಂದು ಬ್ರೇಕ್ ಇರತ್ತೆ."

"ಅದೂ ಹೋದ್ರೆ?"

"ಆಗ ನಿಮ್ಮ ಹತ್ರ ಬರ್ತೀವಿ ಸಾರ್, ಹಲ್ಲು ಕಟ್ಟಿಸ್ಕೊಳ್ಳೋಕೆ."

ಅಪ್ಪ ಊಟದ ಹೊತ್ತಿನಲ್ಲಿ ನಗುವವರಲ್ಲ. ಆವತ್ತು ನೀರು ಕುಡಿಯುವ ನೆಪದಲ್ಲಿ ಲೋಟದೊಳಗೆ ನಕ್ಕರು. ಗುಬ್ಬಿ ನೋಡಿದಳು. ಅಕ್ಕನೂ ನೋಡಿದಳು, ನೋಡಿ ಗುಬ್ಬಿಯ ಕಾಲಿಗೆ ಮೇಜಿನ ಕೆಳಗೆ ಒದ್ದಳು.

ಊಟ ಆದ ಮೇಲೆ ಬಾವ ಎದ್ದು ತೋಳು ಮಡಚಿ ಪಾತ್ರೆ ತೊಳೆಯಲು ನಿಂತ. ಲಿಫ್ಟಿನವನು ಗುಬ್ಬಿಯನ್ನು ಕೇಳಿದ, "ಇವತ್ತು ಇವರ ಸರದಿನಾ?"

"ಸರದಿ ಇಲ್ಲ ನಮ್ಮನೇಲಿ. ಕೋಪ ಬಂದವರು ಪಾತ್ರೆ ತೊಳೀಬೇಕು. ಮಾತಿಗೆ ಮಾತು ಬೆಳೆಸೋ ಹಾಗಿಲ್ಲ. ತೊಳೆದು ಮುಗಿಯೋ ಹೊತ್ತಿಗೆ ಕೋಪ ಇಳಿದಿರಬೇಕು."

"ಯಾರಿಗೂ ಕೋಪ ಬರದೇ ಇದ್ರೆ?"

"ಅಂಥ ದಿನ ಇನ್ನೂ ಬಂದಿಲ್ಲ," ಎಂದಳು ಅಕ್ಕ.

ಭಾನುವಾರಗಳು ಒಂದರ ಹಿಂದೆ ಒಂದು ಬಂದವು. ಅವನ ಜೊತೆ ಗುಬ್ಬಿಗೆ "ನೀವು" ಹೋಗಿ "ನೀನು" ಆಯಿತು, ಯಾವಾಗ ಆಯಿತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಊಟದ ನಂತರ ಅವನು ವರ್ಕ್‌ಶಾಪಿಗೆ ಇಳಿದು ಅವಳು ಕೆಲಸ ಮಾಡುವುದನ್ನು ನೋಡುತ್ತಿದ್ದ. ಒಂದು ದಿನ ಅವಳು ಹಲ್ಲಿನ ಬಣ್ಣ ನೋಡುವ ಪಟ್ಟಿ ಕೈಗೆತ್ತಿಕೊಂಡಳು. ಬೆಳ್ಳಗಿನಿಂದ ಹಳದಿವರೆಗೆ ಸಾಲಾಗಿ ಮಾದರಿ ಹಲ್ಲು ಕೂರಿಸಿದ ಪಟ್ಟಿ ಅದು.

"ಬಾಯಿ ತೆಗಿ."

"ಯಾಕೆ?"

"ತೆಗಿ ಅಂದ್ರೆ ತೆಗಿ."

ಅವನು ತೆಗೆದ. ಅವಳು ಆ ಸೊಟ್ಟ ಹಲ್ಲಿನ ಪಕ್ಕ ಒಂದೊಂದೇ ಬಣ್ಣ ಹಿಡಿದು ನೋಡಿದಳು. ಎಷ್ಟು ಹತ್ತಿರ ಬಂದಿದ್ದಳೆಂದರೆ ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಅವನ ಕಣ್ಣು ಅವಳ ರೆಪ್ಪೆಯ ಮೇಲೆ ನಿಂತಿತ್ತು, ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ರೆಪ್ಪೆ ಎತ್ತಲಿಲ್ಲ.

"ಈ ಹಲ್ಲು ನೆಟ್ಟಗೆ ಮಾಡಿಸ್ಲಾ?" ಬಾಯಿ ತೆರೆದುಕೊಂಡೇ ಕೇಳಿದ, ಮಾತು ಅರ್ಧಂಬರ್ಧ ಬಂತು.

"ಮಾಡಿಸಿದ್ರೆ ನಿನ್ನ ಜೊತೆ ಮಾತಾಡಲ್ಲ," ಎಂದಳು ಗುಬ್ಬಿ.

*

ಅವನ ಮನೆಯೂ ಇತ್ತಲ್ಲ. ಅಲ್ಲಿ ಅಮ್ಮ, ಅಮ್ಮನ ತಂಗಿ, ನಡುವೆ ಇವನು. ಅಕ್ಕತಂಗಿಯರಿಬ್ಬರೂ ಹೊಲಿಗೆಯವರು. ಒಂದೇ ಕೋಣೆಯಲ್ಲಿ ಎರಡು ಮೆಷಿನು ಎದುರುಬದುರಾಗಿ ಇಟ್ಟುಕೊಂಡು ದಿನವಿಡೀ ಜಗಳವಾಡುತ್ತ ಹೊಲಿಯುತ್ತಿದ್ದರು. ಗುಬ್ಬಿ ಮೊದಲನೇ ಸಲ ಹೋಗಿ ಹೊರಡುವ ಹೊತ್ತಿಗೆ ಬಾಗಿಲಲ್ಲಿ ಅವಳ ಒಂದೇ ಚಪ್ಪಲಿ ಇತ್ತು.

ಅವಳು ಕಪಾಟಿನ ಕೆಳಗೆ ಬಗ್ಗಿ ನೋಡಿದಳು, ಹೊರಗೆ ಇಣುಕಿದಳು, ನಾಯಿ ಒಯ್ದಿರಬೇಕು ಎಂದಳು. ಚಿಕ್ಕಮ್ಮ ಮೆಷಿನು ತುಳಿಯುತ್ತಲೇ ಇದ್ದರು, ಅಮ್ಮ ದಾರ ಪೋಣಿಸುತ್ತಲೇ ಇದ್ದರು. ಲಿಫ್ಟಿನವನು ಗೋಡೆಗೆ ಒರಗಿ ನಗುತ್ತ ನಿಂತಿದ್ದ.

"ಅಮ್ಮ, ಕೊಡು ಪಾಪ."

"ಏನು ಕೊಡೋದು? ನನಗೇನು ಗೊತ್ತು?"

"ನಮ್ಮನೇಲಿ ಹಾಗೆ," ಎಂದು ಅವನು ಗುಬ್ಬಿಗೆ ವಿವರಿಸಿದ. "ಹೋಗೋದು ಬೇಡ ಅನ್ನಿಸಿದವರಿಗೆ ಬಾಯಿಬಿಟ್ಟು ಇರು ಅನ್ನಲ್ಲ. ಒಂದು ಚಪ್ಪಲಿ ಬಚ್ಚಿಡ್ತಾರೆ. ಅಪ್ಪ ಇದ್ದಾಗ ಅಮ್ಮ ದಿನಾ ಬೆಳಗ್ಗೆ ಅವರ ಬೂಟು ಬಚ್ಚಿಡೋರು, ಅವರು ದಿನಾ ಕೆಲಸಕ್ಕೆ ಲೇಟು."

"ಎಲ್ಲರದ್ದೂ ಬಚ್ಚಿಡ್ತಾರಾ?"

"ಎಲ್ಲರದ್ದೂ ಅಂದ್ರೆ? ಚಿಕ್ಕಮ್ಮನ ಓರಗಿತ್ತಿ ಬಂದಾಗ ಬೇಗ ಹೊರಡಲಿ ಅಂತ ಚಪ್ಪಲಿ ತಿರುಗಿಸಿ ಬಾಗಿಲಿಗೆ ಎದುರಾಗಿ ಇಟ್ಟುಬಿಡ್ತಾರೆ."

ಚಪ್ಪಲಿ ಹೊಲಿಗೆ ಬಟ್ಟೆಯ ರಾಶಿಯ ಅಡಿಯಲ್ಲಿ ಸಿಕ್ಕಿತು. ಗುಬ್ಬಿ ಇನ್ನೂ ಒಂದು ಗಂಟೆ ಕೂತು ಟೀ ಕುಡಿದು ಹೋದಳು. ಆಮೇಲೆ ಪ್ರತಿ ಸಲವೂ ಅಷ್ಟೇ. ಒಂದೊಂದು ಸಲ ಹೊಸ ಜಾಗ. ದಾರಿಯುದ್ದಕ್ಕೂ ತನ್ನ ಚಪ್ಪಲಿ ನೋಡಿಕೊಂಡು ಒಬ್ಬಳೇ ನಗುತ್ತ ಬರುತ್ತಿದ್ದಳು, ಎದುರಿಗೆ ಬಂದವರು ಹುಚ್ಚಿ ಅಂದುಕೊಂಡರೆ ಅಂದುಕೊಳ್ಳಲಿ ಅಂತ.

ಅವಳಿಗೆ ಅವನ ಮೇಲೆ ಪ್ರೀತಿ ಬಂದಿತ್ತು. ಸುತ್ತಿ ಬಳಸಿ ಹೇಳುವುದೇನಿದೆ, ಬಂದಿತ್ತು, ಗಂಟಲವರೆಗೆ. ಆದರೆ ಒಂದು ಅನುಮಾನ ಅವಳನ್ನು ಕೊರೆಯುತ್ತಿತ್ತು. ಅವನು ಬರುವುದು ಅವಳಿಗಾಗಿಯೋ, ಮೇಡಂ ಕೊಟ್ಟ ಕೆಲಸಕ್ಕಾಗಿಯೋ? "ನೋಡೋಕೆ ಹೋದವರು ಒಂದು ದಿನ ಎದ್ದು ಬರಲೇಬೇಕು, ಅಲ್ಲೇ ಬೇರು ಬಿಡೋ ಹಾಗಿಲ್ಲ," ಎಂದು ಮೇಡಂ ಪ್ರತಿ ವಾರ ಹೇಳುತ್ತಿದ್ದರು. ಅದನ್ನು ಕೇಳುವಾಗಲೆಲ್ಲ ಅವನು ತಲೆಯಾಡಿಸುತ್ತಿದ್ದ. ಆ ತಲೆಯಾಡಿಸುವುದನ್ನು ಗುಬ್ಬಿ ಮನಸ್ಸಿಗೆ ಹಚ್ಚಿಕೊಂಡಿದ್ದಳು.

*

ಒಂದು ಸಂಜೆ ಕೆಲಸ ಮುಗಿಸಿ ಯೂನಿಫಾರ್ಮಿನಲ್ಲೇ ಅವನು ವರ್ಕ್‌ಶಾಪಿಗೆ ಬಂದ. ಭಾನುವಾರ ಆಗಿರಲಿಲ್ಲ. ಅಪ್ಪ, ಅಕ್ಕ, ಬಾವ ಮೇಲೆ ಹೋಗಿದ್ದರು. ಗುಬ್ಬಿ ಗುಲಾಬಿ ಮೇಣದಲ್ಲಿ ಯಾರದೋ ವಸಡು ತಿದ್ದುತ್ತ ಕೂತಿದ್ದಳು. ಅವನು ಎದುರಿಗೆ ಕೂತು ಅಲ್ಲಿದ್ದ ಒಂದು ಹಲ್ಲನ್ನು ಬೆರಳಲ್ಲಿ ಉರುಳಿಸತೊಡಗಿದ.

"ಒಂದು ಪ್ರಶ್ನೆ ಇದೆ," ಎಂದ ಕೊನೆಗೆ.

"ಕೇಳು."

"ನಿಮ್ಮನೆಗೆ ಹೊರಗಿನವನೊಬ್ಬ ಸೇರಬೇಕು ಅಂದ್ರೆ, ದಾರಿ ಏನು?"

ಆ ವಾರ ಮೇಡಂ ಹೇಳಿದ ಪಾಠ ಅದೇ ಆಗಿತ್ತು. ಹೊರಗಿನವರು ಒಳಗಿನವರಾಗುವುದು ಹೇಗೆ, ಮದುವೆಯ ನಿಯಮ ಏನು, ನೆಂಟಸ್ತಿಕೆ ಎಲ್ಲಿ ಶುರು ಎಲ್ಲಿ ಕೊನೆ. ಗುಬ್ಬಿಯ ಎದೆ ಒಮ್ಮೆ ಮೇಲೆ ಹಾರಿ ಮತ್ತೆ ಕೂತಿತು. ಓ, ಇದು ಕ್ಲಾಸಿನದು, ಎಂದುಕೊಂಡಳು. ಅಂದುಕೊಂಡ ಮೇಲೆ ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಉತ್ತರ ಕೊಟ್ಟಳು. ತನ್ನ ಆಸೆ ಹೇಳಲಿಲ್ಲ, ಮನೆ ಮಾತು ಹೇಳಿದಳು.

"ದಾರಿ ಇಲ್ಲ. ಅಕ್ಕನ ಮದುವೆ ದಿನವೇ ಅಪ್ಪ ಹೇಳಿಬಿಟ್ಟಿದ್ದಾರೆ. ಇನ್ನೊಬ್ಬ ಅಳಿಯ ಬಂದ್ರೂ ನಮ್ಮ ಕೆಲಸದವನೇ ಆಗಿರಬೇಕು. ಹಲ್ಲು ಕಟ್ಟೋನಿಗೆ ಬಿಟ್ಟು ಬೇರೆಯವರಿಗೆ ಈ ಮನೇಲಿ ಕುರ್ಚಿ ಇಲ್ಲ ಅಂತ."

"ಬೇರೆ ಕೆಲಸದವನು ಬಂದ್ರೆ?"

"ಸ್ಟೂಲಿನ ಮೇಲೆ ಕೂರಬೇಕು. ಜೀವನಪೂರ್ತಿ."

ಹೇಳಿ ನಕ್ಕಳು. ಕೂರ್ತೀನಿ ಬಿಡು ಅಂತ ಅವನು ಅಂದಾನು ಎಂದು ಕೈಯಲ್ಲಿದ್ದ ಮೇಣ ತಣ್ಣಗಾಗುವವರೆಗೂ ಕಾದಳು. ಅವನು ಅನ್ನಲಿಲ್ಲ.

"ನೀನೂ ಹಾಗೇ ಅಂತೀಯಾ?" ಎಂದು ಕೇಳಿದ, ಮೆಲ್ಲಗೆ.

ಇದೂ ಪಾಠದ್ದೇ. ಒಬ್ಬರನ್ನು ಕೇಳಿದ ಮೇಲೆ ನೀವೂ ಒಪ್ಪುತ್ತೀರಾ ಅಂತ ಕೇಳಿ ಎಂದು ಮೇಡಂ ಹೇಳಿಕೊಟ್ಟಿದ್ದರು. ಗುಬ್ಬಿಗೆ ಒಳಗೊಳಗೇ ಸಿಟ್ಟು ಬಂತು, ಇಷ್ಟು ಹತ್ತಿರ ಕೂತು ಇವನು ಪಾಠ ಒಪ್ಪಿಸುತ್ತಿದ್ದಾನಲ್ಲ ಅಂತ.

"ನಮ್ಮನೇಲಿ ಎಲ್ಲರೂ ಹಾಗೇ ಅಂತೀವಿ," ಎಂದಳು.

ಅವನು ಹಲ್ಲನ್ನು ಮೇಜಿನ ಮೇಲೆ ಅದರ ಜಾಗದಲ್ಲೇ ಇಟ್ಟ. "ಸರಿ ಹಾಗಾದ್ರೆ," ಎಂದು ಎದ್ದ. ಬಾಗಿಲಲ್ಲಿ ನಿಂತು ವರ್ಕ್‌ಶಾಪನ್ನು ಒಂದು ಸುತ್ತು ನೋಡಿದ. ಪ್ರಶ್ನೆಗಳು ಮುಗಿದವೇನೋ ಅಂದುಕೊಂಡು ಅವಳು ಮತ್ತೆ ಮೇಣಕ್ಕೆ ಕೈ ಹಾಕಿದಳು. ಆ ವಸಡು ಆವತ್ತು ಎಷ್ಟು ತಿದ್ದಿದರೂ ಸರಿ ಬರಲಿಲ್ಲ.

*

ಮುಂದಿನ ಭಾನುವಾರ ಊಟಕ್ಕೆ ಇನ್ನೂ ಹೊತ್ತಿರುವಾಗಲೇ ಅಪ್ಪ ಕೆಳಗಿನಿಂದ ಏನನ್ನೋ ಎಳೆದುಕೊಂಡು ಮೆಟ್ಟಿಲು ಹತ್ತುವ ಸದ್ದಾಯಿತು. ಗುಬ್ಬಿ ಹೋಗಿ ನೋಡಿದಳು. ವರ್ಕ್‌ಶಾಪಿನಲ್ಲಿ ಅಪ್ಪ ಕೂತು ಕೆಲಸ ಮಾಡುವ ಕುರ್ಚಿ. ಅದನ್ನು ಮೇಲೆ ತಂದು, ಪ್ಲಾಸ್ಟರಿನ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇಜಿನ ಗುಬ್ಬಿಯ ಬದಿಗೆ ಹಾಕಿದರು. ಸ್ಟೂಲನ್ನು ಎತ್ತಿ ಬಾಲ್ಕನಿಗೆ ಇಟ್ಟರು. ಯಾರ ಮುಖವನ್ನೂ ನೋಡಲಿಲ್ಲ.

ಅಕ್ಕನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಬಾವ ಕೆಮ್ಮಿದ.

"ಆ ಹುಡುಗನ ಮಂಡಿ ನೋಯತ್ತೆ," ಎಂದರು ಅಪ್ಪ. ಅಷ್ಟೇ.

ಗುಬ್ಬಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನ್ನಡಿ ಮುಂದೆ ಹೋದಳು, ಬಂದಳು, ತಟ್ಟೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಊಟದ ಹೊತ್ತಾಯಿತು. ಊಟದ ಹೊತ್ತು ಮೀರಿತು. ಆಮೇಲೆ ಫೋನಿಗೆ ಅವನ ಮೆಸೇಜು ಬಂತು. ಕೆಲಸ ಜಾಸ್ತಿ ಇದೆ, ಇನ್ನು ಭಾನುವಾರ ಬರೋಕಾಗಲ್ಲ, ನನಗೆ ಬೇಕಾದ್ದು ಗೊತ್ತಾಯ್ತು, ಎಲ್ಲರಿಗೂ ಥ್ಯಾಂಕ್ಸ್ ಹೇಳು.

ಬೇಕಾದ್ದು ಗೊತ್ತಾಯ್ತು. ಗುಬ್ಬಿ ಅದನ್ನು ಮತ್ತೆ ಮತ್ತೆ ಓದಿದಳು. ಅಂದರೆ ಅಷ್ಟೇ ಆಗಿತ್ತು. ನೋಡಲು ಬಂದವನು ನೋಡಿ ಮುಗಿಸಿ ಎದ್ದು ಹೋದ, ಮೇಡಂ ಹೇಳಿದ ಹಾಗೇ. ಕುರ್ಚಿಯ ವಿಷಯ ಅವನಿಗೆ ಹೇಳುವುದು ಹೇಗೆ? ನಮ್ಮಪ್ಪ ನಿನಗೆ ಜಾಗ ಮಾಡಿದ್ದಾರೆ, ನಿನಗೆ ಬೇಕಿಲ್ಲದಿದ್ದರೂ ಬಂದು ಕೂತುಹೋಗು ಅಂತಲೇ? ಅವಳಿಗೂ ಮಾನ ಮರ್ಯಾದೆ ಇತ್ತು. "ಸರಿ" ಎಂದು ಉತ್ತರ ಕಳಿಸಿದಳು.

ಕುರ್ಚಿಯನ್ನು ಯಾರೂ ಕೆಳಗೆ ಒಯ್ಯಲಿಲ್ಲ. ಅಪ್ಪ ಮಾರನೇ ದಿನದಿಂದ ವರ್ಕ್‌ಶಾಪಿನಲ್ಲಿ ಸ್ಟೂಲಿನ ಮೇಲೆ ಕೂತು ಕೆಲಸ ಮಾಡತೊಡಗಿದರು.

*

ತನ್ನ ಪಾಲಿನ ಪಾಠ ಮುಗಿಸಬೇಕಲ್ಲ ಅಂತ ಗುಬ್ಬಿ ಅವನ ಮನೆಗೆ ಕೊನೆಯ ಸಲ ಹೋದದ್ದು ಅದಾಗಿ ಕೆಲವು ವಾರಗಳ ಮೇಲೆ. ಅಥವಾ ಆ ನೆಪ ಹೇಳಿಕೊಂಡು ಹೋದಳು. ಅವನು ಡ್ಯೂಟಿಗೆ ಹೋಗಿದ್ದ. ಅಮ್ಮ, ಚಿಕ್ಕಮ್ಮ ಇಬ್ಬರೂ ಆವತ್ತು ಜಗಳವಾಡುತ್ತಿರಲಿಲ್ಲ. ಟೀ ಕೊಟ್ಟರು, ಮನೆಯವರನ್ನೆಲ್ಲ ವಿಚಾರಿಸಿದರು.

"ಇವನಿಗೆ ಹೆಣ್ಣು ಗೊತ್ತಾಯ್ತಮ್ಮ," ಎಂದರು ಅಮ್ಮ, ಬಟ್ಟೆಯಿಂದ ಕಣ್ಣೆತ್ತದೆ. "ನನ್ನ ತಂಗಿ ಗುರುತಿನವರು. ಒಳ್ಳೆ ಹುಡುಗಿ, ಪಾಪ, ಒಂದು ಸಲ ಮದುವೆ ಗೊತ್ತಾಗಿ ನಿಂತುಹೋಗಿತ್ತು. ಆಗ ಊಟ ನಿದ್ದೆ ಬಿಟ್ಟಿತ್ತಂತೆ ಆ ಮಗು. ಇವನು ಎಷ್ಟೋ ದಿನದಿಂದ ಬೇಡ ಬೇಡ ಅಂತಿದ್ದ. ಮೊನ್ನೆ ಅವನಾಗಿ ಬಂದು ಹೂಂ ಅಂದ."

ಗುಬ್ಬಿ ಸಂತೋಷ ಅಂದಳು. ಟೀ ಪೂರ್ತಿ ಕುಡಿದಳು. ಎದ್ದು ಬಾಗಿಲಿಗೆ ಬಂದು ನೋಡಿದರೆ ಅವಳ ಚಪ್ಪಲಿ ಎರಡೂ ಅಲ್ಲೇ ಇದ್ದವು.

*

ಕೊನೆಯ ಕ್ಲಾಸಿನಲ್ಲಿ ಎಲ್ಲರೂ ತಾವು ನೋಡಿದ ಮನೆಯ ಬಗ್ಗೆ ಹೇಳಬೇಕಿತ್ತು. ಲಿಫ್ಟಿನವನು ಎದ್ದು ನಿಂತು ಗುಬ್ಬಿಯ ಕಡೆ ನೋಡದೆ ಹೇಳತೊಡಗಿದ. ಕೋಪ ಬಂದವರು ಪಾತ್ರೆ ತೊಳೆಯುವುದನ್ನು ಹೇಳಿದ, ಎಲ್ಲರೂ ನಕ್ಕರು. ಯಜಮಾನರು ಲೋಟದೊಳಗೆ ನಗುವುದನ್ನು ಹೇಳಿದ. ಆ ಮನೆಯ ಚಿಕ್ಕ ಮಗಳು ಕೆಲಸ ಮಾಡುವಾಗ ಕೆಳತುಟಿ ಕಚ್ಚಿಕೊಳ್ಳುವುದನ್ನು, ಒಳ್ಳೆಯ ಭಾಗವನ್ನು ತಟ್ಟೆಯ ಅಂಚಿಗೆ ಸರಿಸಿ ಕೊನೆಗೆ ತಿನ್ನುವುದನ್ನು, ಸುಳ್ಳು ಹೇಳುವಾಗ ಬಲಗಿವಿ ಮುಟ್ಟಿಕೊಳ್ಳುವುದನ್ನು ಹೇಳಿದ. ಗುಬ್ಬಿಯ ಕೈ ಬಲಗಿವಿಯ ಹತ್ತಿರ ಹೋಗಿ ನಿಂತಿತು. ಇಷ್ಟೆಲ್ಲ ಯಾವ ಮೇಡಂ ನೋಡಲು ಹೇಳಿದ್ದರು?

"ಅಲ್ಲಿ ಹೊರಗಿನವರಿಗೆ ಸ್ಟೂಲು, ಒಳಗಿನವರಿಗೆ ಕುರ್ಚಿ," ಎಂದ. "ಸ್ಟೂಲಿಂದ ಕುರ್ಚಿಗೆ ಹೋಗೋಕೆ ಅವರ ಕೆಲಸದವರಿಗೆ ಬಿಟ್ಟು ಬೇರೆಯವರಿಗೆ ದಾರಿ ಇಲ್ಲ. ನಾನು ಕೇಳಿದೆ."

"ಕೇಳಿದ್ದು ಆಯ್ತು," ಎಂದರು ಮೇಡಂ. "ಜನ ಹೇಳೋ ನಿಯಮ ಒಂದು, ನಡ್ಕೊಳ್ಳೋದು ಇನ್ನೊಂದು, ಎರಡು ಕ್ಲಾಸ್ ಪೂರ್ತಿ ಅದನ್ನೇ ಹೇಳಿದ್ದು ನಾನು. ನೀವು ಬಂದಿರಲಿಲ್ಲ. ಮತ್ತೆ ಹೋಗಿ ನೋಡಿದ್ರಾ?"

"ಇಲ್ಲ ಮೇಡಂ."

"ಯಾಕೆ?"

"ಹೋಗೋಕಾಗ್ಲಿಲ್ಲ," ಎಂದ. ದನಿ ಒಡೆಯಿತು. ವಾರಗಿತ್ತಿಯರು ಮುಖ ಮುಖ ನೋಡಿಕೊಂಡರು.

ಆಗ ಗುಬ್ಬಿಗೆ ಗೊತ್ತಾಯಿತು. ಆ ಸಂಜೆ ಅವನು ಯೂನಿಫಾರ್ಮಿನಲ್ಲೇ ಓಡಿಬಂದದ್ದು, ಹಲ್ಲು ಉರುಳಿಸುತ್ತ ಕೂತದ್ದು, ಮೆಲ್ಲಗೆ ಕೇಳಿದ್ದು. ಅದು ಪಾಠವಾಗಿರಲಿಲ್ಲ.

ಅವಳ ಸರದಿ ಬಂತು. ನಿಂತಳು. ಎರಡು ಹೊಲಿಗೆ ಮೆಷಿನಿನ ಬಗ್ಗೆ ಹೇಳಿದಳು, ಚಪ್ಪಲಿ ಬಚ್ಚಿಡುವುದರ ಬಗ್ಗೆ ಹೇಳಿದಳು.

"ನಿಮ್ಮದೂ ಬಚ್ಚಿಟ್ಟಿದ್ರಾ?" ಪೋಸ್ಟ್‌ಮ್ಯಾನ್ ತಾತ ಕುತೂಹಲದಿಂದ ಕೇಳಿದರು.

"ಹೂಂ. ಪ್ರತಿ ಸಲ." ಗುಬ್ಬಿ ಕೂತುಕೊಂಡಳು. "ಕೊನೇ ಸಲ ಬಿಟ್ಟು."

ಕ್ಲಾಸು ಬಿಟ್ಟಾಗ ಎಲ್ಲರೂ ಮದುವೆಯ ಸುದ್ದಿ ತಿಳಿದು ಅವನನ್ನು ಸುತ್ತಿಕೊಂಡರು. ಅವರ ನಡುವೆಯೇ ಅವನು ಲಿಫ್ಟಿನೊಳಗೆ ಹೋದ. ಗುಬ್ಬಿ ಮೆಟ್ಟಿಲಲ್ಲಿ ಓಡಿದಳು. ಕೆಳಗೆ ತಲುಪುವಷ್ಟರಲ್ಲಿ ಲಿಫ್ಟು ಖಾಲಿಯಾಗಿ ಬಾಗಿಲು ತೆರೆದು ನಿಂತಿತ್ತು.

*

ಮದುವೆಗೆ ಕರೆಯಲು ಅವನು ಒಂದು ಭಾನುವಾರ ಬಂದ. ಊಟದ ಹೊತ್ತಿಗೇ ಬಂದ, ಬಹುಶಃ ಅಭ್ಯಾಸಬಲ. ಒಳಗೆ ಬಂದವನು ಕಿಟಕಿ ಪಕ್ಕ ಹೋಗಿ ನಿಂತ. ಅಲ್ಲಿ ಸ್ಟೂಲು ಇರಲಿಲ್ಲ.

"ಈ ಕಡೆ ಬಾ," ಎಂದರು ಅಪ್ಪ, ಗುಬ್ಬಿಯ ಪಕ್ಕದ ಕುರ್ಚಿ ಎಳೆದು.

ಅವನು ಆ ಕುರ್ಚಿ ನೋಡಿದ. ಅಪ್ಪನನ್ನು ನೋಡಿದ. ಆಮೇಲೆ ಗುಬ್ಬಿಯನ್ನು ನೋಡಿದ, ಆ ನೋಟವನ್ನು ಗುಬ್ಬಿ ಸಾಯುವವರೆಗೂ ಮರೆಯಲಾರಳು.

"ಇದು ಯಾವಾಗ ಬಂತು ಸಾರ್?"

"ನೀನು ಬರೋದು ಬಿಟ್ಟೆಯಲ್ಲ," ಎಂದರು ಅಪ್ಪ, "ಆ ಭಾನುವಾರ."

ಅವನು ಕೂತ. ಅಕ್ಕ ಬಡಿಸಿದಳು. ತಟ್ಟೆಯಲ್ಲಿದ್ದುದನ್ನು ಅವನು ಕಲಸಿದ, ಕಲಸುತ್ತಲೇ ಇದ್ದ. ಕಾರ್ಡನ್ನು ಅಪ್ಪನ ಕೈಗೆ ಕೊಡುವಾಗ ತಲೆ ಬಗ್ಗಿಸಿದ್ದ. ಅಪ್ಪ ಎರಡೂ ಕೈಯಿಂದ ತೆಗೆದುಕೊಂಡು "ಚೆನ್ನಾಗಿರು" ಎಂದರು. ಅಪ್ಪ ಅದನ್ನು ಮನಸಾರೆ ಹೇಳಿದ್ದು ಗುಬ್ಬಿಗೆ ಇನ್ನೂ ಕಷ್ಟವಾಯಿತು.

ಅವಳು ಎದ್ದು ಹೊರಬಾಗಿಲಿಗೆ ಹೋದಳು. ಅವನ ಬೂಟುಗಳು ಅಲ್ಲಿದ್ದವು, ಗ್ರೀಸಿನ ಕಲೆಯವು. ಏನು ಮಾಡುತ್ತಿದ್ದೇನೆ ಅಂತ ಅವಳಿಗೇ ತಿಳಿಯುವ ಮುಂಚೆ ಒಂದನ್ನು ಎತ್ತಿಕೊಂಡಿದ್ದಳು. ಎತ್ತಿಕೊಂಡು ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಮಾಡಿ ನಿಂತಳು.

ಅವನು ಬಂದ. ಒಂದೇ ಬೂಟು ಕಂಡು ನಿಂತ. ಹುಡುಕಲಿಲ್ಲ.

"ಆವತ್ತು ನೀನು ಕೇಳಿದ್ದು ಕ್ಲಾಸಿಗಾ, ನಿನಗಾ?" ಎಂದಳು ಗುಬ್ಬಿ.

"ನನಗೆ."

"ನಾನು ಕ್ಲಾಸಿಗೆ ಹೇಳಿದೆ."

ಅವನು ಗೋಡೆಗೆ ಕೈ ಊರಿದ. ಒಳಗೆ ಬಾವ ಏನೋ ಹೇಳುತ್ತಿದ್ದ, ಅಕ್ಕ ಸುಮ್ಮನಿರಿ ಅನ್ನುತ್ತಿದ್ದಳು.

"ನಿನ್ನ ಉತ್ತರ ಏನಿತ್ತು?" ಎಂದು ಕೇಳಿದ. "ಮನೇದಲ್ಲ. ನಿನ್ನದು."

"ಸ್ಟೂಲೂ ಬೇಡ, ಕುರ್ಚಿನೂ ಬೇಡ, ನೆಲದ ಮೇಲೆ ಕೂತು ಉಣ್ಣೋಣ, ಎಲ್ಲಿಗಾದ್ರೂ ಬರ್ತೀನಿ ಅಂತಿದ್ದೆ. ಲಿಫ್ಟಲ್ಲಿ ಬೇಕಾದ್ರೂ ಬರ್ತಿದ್ದೆ."

ಅವನು ನಗಲು ನೋಡಿದ, ಸೊಟ್ಟ ಹಲ್ಲು ಅರೆಗಳಿಗೆ ಕಂಡು ಮರೆಯಾಯಿತು. ಕಣ್ಣಲ್ಲಿ ನೀರು ತುಂಬಿತ್ತು. "ನೀನು ಅದನ್ನ ಕೊಡದೇ ಇದ್ರೆ," ಎಂದ, "ನಾನು ಹೋಗಲ್ಲ ಗುಬ್ಬಿ. ನಿಜವಾಗ್ಲೂ ಹೋಗಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಸಂಕಟ. ಬೆನ್ನ ಹಿಂದೆ ಬೂಟು ಹಿಡಿದ ಅವಳ ಬೆರಳು ಬಿಗಿಯಾದವು. ಒಂದು ಕ್ಷಣ ಅವಳು ಕೊಡಬಾರದು ಅಂತಲೇ ನಿಶ್ಚಯಿಸಿದಳು. ಎಷ್ಟು ಸುಲಭ, ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆಮೇಲೆ ಎಲ್ಲೋ ಒಂದು ಮನೆಯಲ್ಲಿ ಊಟ ನಿದ್ದೆ ಬಿಟ್ಟು ಕೂತಿದ್ದ ಹುಡುಗಿಯ ನೆನಪಾಯಿತು. ಅವಳ ಮುಖವನ್ನೂ ಗುಬ್ಬಿ ನೋಡಿರಲಿಲ್ಲ.

"ಆ ಹುಡುಗಿ ಚೆನ್ನಾಗಿ ಮಾತಾಡ್ತಾಳಾ?" ಎಂದು ಕೇಳಿದಳು.

"ಕಡಿಮೆ. ಫೋನ್ ಇಡೋವಾಗ ಪ್ರತಿ ಸಲ ಕೇಳ್ತಾಳೆ, ಎಲ್ಲ ಸರಿ ಇದೆ ಅಲ್ವಾ, ಬದಲಾಗಿಲ್ಲ ಅಲ್ವಾ ಅಂತ."

"ನೀನೇನಂತೀಯಾ?"

"ಇಲ್ಲ ಅಂತೀನಿ."

ಗುಬ್ಬಿ ಬಗ್ಗಿ ಬೂಟನ್ನು ಇನ್ನೊಂದರ ಪಕ್ಕಕ್ಕೆ ಇಟ್ಟಳು. ಬಾಗಿಲಿಗೆ ಎದುರಾಗಿ ತಿರುಗಿಸಿ ಇಡಲು ಮಾತ್ರ ಅವಳ ಕೈಯಲ್ಲಿ ಆಗಲಿಲ್ಲ, ಮನೆಯ ಕಡೆ ಮುಖ ಮಾಡಿಯೇ ಇಟ್ಟಳು. ಅವನು ತಾನೇ ತಿರುಗಿಸಿಕೊಂಡು ಹಾಕಿಕೊಂಡ. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.

"ಆ ಹಲ್ಲು ನೆಟ್ಟಗೆ ಮಾಡಿಸ್ಬೇಡ," ಎಂದಳು.

"ಮಾಡಿಸಲ್ಲ," ಎಂದು ಅವನು ಮೆಟ್ಟಿಲು ಇಳಿದು ಹೋದ.

ಗುಬ್ಬಿ ಒಳಗೆ ಬಂದು ಯಾರನ್ನೂ ನೋಡದೆ ತಟ್ಟೆಗಳನ್ನು ಒಟ್ಟುಮಾಡಿದಳು. ತೋಳು ಮಡಚಿ ನಲ್ಲಿ ತಿರುಗಿಸಿದಳು. ಅವನು ಕಲಸಿ ಬಿಟ್ಟಿದ್ದ ತಟ್ಟೆ ಎಲ್ಲಕ್ಕಿಂತ ಮೇಲಿತ್ತು. ಅಕ್ಕ ಬಂದು ಬೆನ್ನ ಹಿಂದೆ ನಿಂತು ಮೆಲ್ಲಗೆ ಕೇಳಿದಳು, "ಯಾರ ಮೇಲೆ ಕೋಪ ಗುಬ್ಬಿ?"

"ನನ್ನ ಮೇಲೆ."

ಆಗ ಕುರ್ಚಿ ಸರಿದ ಸದ್ದಾಯಿತು. ಅಪ್ಪ ಎದ್ದು ಬಂದರು. ಈ ಮನೆ ಕಟ್ಟಿದಾಗಿನಿಂದ ಪಾತ್ರೆಗೆ ಕೈ ಹಾಕದ ಅಪ್ಪ, ಅಂಗಿಯ ಗುಂಡಿ ಬಿಚ್ಚಿ ತೋಳು ಮೇಲಕ್ಕೆ ಸರಿಸಿ, ಮಗಳ ಪಕ್ಕ ಬಂದು ನಿಂತರು.

"ಕುರ್ಚಿ ಇಲ್ಲ ಅನ್ನೋ ಆ ಮಾತು ಆಡಿದ್ದು ನಾನು," ಎಂದರು. "ಸರಿ, ಆ ಲೋಟ ಈ ಕಡೆ ಕೊಡು."